ಬೆಲೆ ಪ್ರತಿಯ ಮೇಲೆ, ಖರ್ಚು ಪಾಲನೆಯ ಮೇಲೆ: ಸಾಫ್ಟ್‌ವೇರಿಗೆ ಹಣ ಕೊಡಲು ಜನ ಹಿಂದೇಟು ಹಾಕುವುದೇಕೆ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯ ಎತ್ತಿದಾಗೆಲ್ಲ ಮಾತು ಬೇಗನೆ ನೀತಿಪಾಠದ ಕಡೆ ಜಾರುತ್ತದೆ. ಕ್ರ್ಯಾಕ್ ಮಾಡಿದ, ಅಂದರೆ ಬೀಗ ಒಡೆದು ಬಿಟ್ಟಿ ಓಡುವಂತೆ ಮಾಡಿದ ಸಾಫ್ಟ್‌ವೇರ್ ಬಳಸುವವರು ಕಳ್ಳರು ಎನ್ನುವುದು ಒಂದು ಗುಂಪು, ಕಂಪನಿಗಳೇ ಸುಲಿಗೆಕೋರರು ಎನ್ನುವುದು ಇನ್ನೊಂದು. ಆದರೆ ಒಂದು ಪ್ರಶ್ನೆಗೆ ಎರಡೂ ಗುಂಪಿನಲ್ಲಿ ಉತ್ತರವಿಲ್ಲ. ದುಬಾರಿ ಫೋನು, ಒಳ್ಳೆಯ ಲ್ಯಾಪ್‌ಟಾಪು, ತಿಂಗಳ ಇಂಟರ್ನೆಟ್ಟು, ಪ್ರಿಂಟರಿನ ಶಾಯಿ, ಇವಕ್ಕೆಲ್ಲ ತಕರಾರಿಲ್ಲದೆ ಹಣ ಕೊಡುವ ಜನ ಆ ಯಂತ್ರವನ್ನು ಉಪಯೋಗಕ್ಕೆ ತರುವ ಸಾಫ್ಟ್‌ವೇರಿನ ಮುಂದೆ ಮಾತ್ರ ಏಕೆ ಕೈ ಬಿಗಿ ಹಿಡಿಯುತ್ತಾರೆ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಫ್ಟ್‌ವೇರಿನಲ್ಲಿ ಖರ್ಚು ಬೀಳುವುದು ಅದನ್ನು ಬರೆಯುವಾಗ, ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವಾಗ. ಬೆಲೆಚೀಟಿ ಅಂಟಿಸಿರುವುದು ಪ್ರತಿಯ ಮೇಲೆ. ಪ್ರತಿ ತೆಗೆಯಲು ಏನೂ ಖರ್ಚಿಲ್ಲ ಎಂಬುದು ಫೈಲ್ ಕಾಪಿ ಮಾಡಿ ಗೊತ್ತಿರುವ ಎಲ್ಲರಿಗೂ ತಿಳಿದದ್ದೇ. ಹಾಗಾಗಿ ಬೆಲೆ ಎಷ್ಟೇ ಇರಲಿ, ಅದು ಹೆಚ್ಚಾಯಿತು ಅನ್ನಿಸುತ್ತದೆ. ಮಿಕ್ಕ ಕಾರಣಗಳು ಬಹುಪಾಲು ಇದರಿಂದಲೇ ಹುಟ್ಟಿದವು.

ಬೆಲೆ ಹುಟ್ಟಿದ್ದು ಹೇಗೆ

1969ರವರೆಗೆ ದೊಡ್ಡ ಕಂಪ್ಯೂಟರುಗಳ ಲೋಕದಲ್ಲಿ ಸಾಫ್ಟ್‌ವೇರಿಗೆ ಬೇರೆ ಬೆಲೆ ಎನ್ನುವುದು ಅಪರೂಪವಾಗಿತ್ತು. ಐಬಿಎಂನಿಂದ ಯಂತ್ರವನ್ನು ಬಾಡಿಗೆಗೆ ತಂದರೆ ಪ್ರೋಗ್ರಾಂ, ತರಬೇತಿ, ಬಂದು ನೋಡಿಹೋಗುವ ಎಂಜಿನಿಯರ್ ಎಲ್ಲವೂ ಆ ಬಾಡಿಗೆಯಲ್ಲೇ ಸೇರಿರುತ್ತಿದ್ದವು. ಆ ವರ್ಷದ ಜೂನ್‌ನಲ್ಲಿ ಕಂಪನಿ ಈ ಗಂಟನ್ನು ಬಿಚ್ಚಿ, ಕೆಲವು ಪ್ರೋಗ್ರಾಂಗಳಿಗೂ ಸೇವೆಗಳಿಗೂ ಪ್ರತ್ಯೇಕ ಬೆಲೆ ಇಡುವುದಾಗಿ ಪ್ರಕಟಿಸಿತು. ಆಪರೇಟಿಂಗ್ ಸಿಸ್ಟಂನ ಮುಖ್ಯ ಭಾಗ ಆಗಲೂ ಯಂತ್ರದ ಜೊತೆಗೇ ಉಳಿಯಿತು. ಅಂದರೆ ನೋಡಿಕೊಳ್ಳುವ ಖರ್ಚನ್ನು ಬಾಡಿಗೆಯ ರೂಪದಲ್ಲಿ ಕೊಡುವ ಪದ್ಧತಿ ಮೊದಲಿನದು, ಪ್ರತಿಗೆ ಬೆಲೆ ಕಟ್ಟುವುದು ಆಮೇಲೆ ಬಂದದ್ದು. ಇವತ್ತು ಚಂದಾ ಪದ್ಧತಿಯನ್ನು ಹೊಸ ಕಾಲದ ಪಿಡುಗು ಎಂದು ಬೈಯುವವರು ಇದನ್ನು ನೆನಪಿಡಬೇಕು.

ಜಗಳ ಜೋರಾದದ್ದು ಯಂತ್ರ ಮನೆಗೆ ಬಂದಾಗ. ಆಲ್ಟೇರ್ 8800 ಎಂಬ ಕಿಟ್ ಕಂಪ್ಯೂಟರಿಗೆ ಬಿಲ್ ಗೇಟ್ಸ್, ಪಾಲ್ ಆ್ಯಲನ್ ಮತ್ತು ಜೊತೆಗಾರರು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿಯೊಂದನ್ನು ಸಿದ್ಧಪಡಿಸಿದರು. ಅದು ರಂಧ್ರ ಹೊಡೆದ ಕಾಗದದ ಸುರುಳಿಯಲ್ಲಿ ಬರುತ್ತಿತ್ತು. ಹವ್ಯಾಸಿಗಳು ಸುರುಳಿಯ ನಕಲು ತೆಗೆದು ಹಂಚಿಕೊಂಡರು. 1976ರ ಫೆಬ್ರವರಿ 3ರ ತಾರೀಖಿನ ಬಹಿರಂಗ ಪತ್ರದಲ್ಲಿ ಗೇಟ್ಸ್ ಕೊಟ್ಟ ಲೆಕ್ಕ ಇದು: ಆಲ್ಟೇರ್ ಇರುವವರಲ್ಲಿ ಬೇಸಿಕ್ ಕೊಂಡವರು ಶೇ. 10ಕ್ಕಿಂತ ಕಡಿಮೆ, ಕೆಲಸಕ್ಕೆ ಬಳಸಿದ ಕಂಪ್ಯೂಟರ್ ಸಮಯದ ಮೌಲ್ಯ 40,000 ಡಾಲರಿಗೂ ಹೆಚ್ಚು, ರಾಯಧನವನ್ನು ದುಡಿದ ಗಂಟೆಗಳಿಗೆ ಭಾಗಿಸಿದರೆ ಗಂಟೆಗೆ 2 ಡಾಲರೂ ಸಿಗಲಿಲ್ಲ. ಈ ಲೆಕ್ಕವನ್ನು ಎಲ್ಲರೂ ಉದಾಹರಿಸುತ್ತಾರೆ. ಇನ್ನೊಂದು ಸಂಗತಿ ಮಾತ್ರ ಚರ್ಚೆಗೆ ಬರುವುದಿಲ್ಲ. ಆ ಬೇಸಿಕ್ ಅನ್ನು ತಯಾರಕರ ಮೆಮೊರಿ ಬೋರ್ಡುಗಳ ಜೊತೆ ಕೊಂಡರೆ ಅಗ್ಗ, ಬಿಡಿಯಾಗಿ ಕೊಂಡರೆ ಹಲವು ಪಟ್ಟು ದುಬಾರಿ. ಆ ಬೋರ್ಡುಗಳೋ ಸರಿಯಾಗಿ ಕೆಲಸ ಮಾಡುವುದಿಲ್ಲವೆಂಬ ಅಪಖ್ಯಾತಿ ಹೊತ್ತಿದ್ದವು. ಬೇರೆಯವರ ಬೋರ್ಡು ಕೊಂಡವನಿಗೆ ಬೇಸಿಕ್ಕಿನ ಬೆಲೆ ದಂಡದಂತೆ ಕಂಡಿತು. ಹಣ ತಪ್ಪಿಸುವ ಅಭ್ಯಾಸಕ್ಕೆ ಬೆಲೆ ಇಟ್ಟ ರೀತಿಯೂ ಕಾರಣ ಎಂಬುದಕ್ಕೆ ಇದು ಬಹುಶಃ ಮೊದಲ ಉದಾಹರಣೆ.

ಆಮೇಲೆ ಪರ್ಸನಲ್ ಕಂಪ್ಯೂಟರುಗಳು ವಿಂಡೋಸ್ ತುಂಬಿಕೊಂಡೇ ಮಾರಾಟಕ್ಕೆ ಬರತೊಡಗಿದವು. ತಯಾರಕರು ವಿಂಡೋಸಿಗೆ ಹಣ ಕೊಟ್ಟಿರುತ್ತಾರೆ, ಅದು ಯಂತ್ರದ ಬೆಲೆಯಲ್ಲಿ ಕರಗಿರುತ್ತದೆ. ಕೊಳ್ಳುವವರ ಬಿಲ್ಲಿನಲ್ಲಿ ಆ ಸಾಲೇ ಇರುವುದಿಲ್ಲ. ಬ್ರೌಸರಿನ ಕಥೆಯೂ ಅಷ್ಟೇ: ನೆಟ್‌ಸ್ಕೇಪ್ ಕಂಪನಿ ಬ್ರೌಸರಿಗೆ ಬೆಲೆ ಇಟ್ಟಿತ್ತು, ಮೈಕ್ರೋಸಾಫ್ಟ್ ತನ್ನದನ್ನು ಉಚಿತವಾಗಿ ಕೊಟ್ಟಿತು, 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕೂಡ ಬೆಲೆಯನ್ನು ಕೈಬಿಟ್ಟಿತು. ಸಾಫ್ಟ್‌ವೇರ್ ಎಂದರೆ ಯಂತ್ರದ ಜೊತೆ ಬರುವ, ಡೌನ್‌ಲೋಡ್ ಮಾಡಿದರೆ ಸಿಗುವ ವಸ್ತು ಎಂದು ಒಂದಿಡೀ ತಲೆಮಾರಿಗೆ ಕಲಿಸಿದವರು ಉದ್ಯಮದವರೇ. ಕಲಿತದ್ದನ್ನು ಮರೆಯಿರಿ ಎಂದು ಈಗ ಅವರೇ ಹೇಳುತ್ತಿದ್ದಾರೆ.

ಒಂದಕ್ಕೂ ಸೊನ್ನೆಗೂ ನಡುವೆ

ಬೆಲೆ ಕಡಿಮೆ ಮಾಡಿದರೆ ಜನ ಕೊಡುತ್ತಾರೆ ಎನ್ನುವುದು ಅರ್ಧ ನಿಜ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಳ್ಳೆಯ ಚಾಕೊಲೆಟ್ಟಿಗೆ 15 ಸೆಂಟ್, ಸಾಧಾರಣದ್ದಕ್ಕೆ 1 ಸೆಂಟ್ ಇಟ್ಟಾಗ ಕೊಂಡವರಲ್ಲಿ ಸುಮಾರು ಶೇ. 73 ಜನ ಒಳ್ಳೆಯದನ್ನೇ ಆರಿಸಿಕೊಂಡರು. ಎರಡರ ಬೆಲೆಯನ್ನೂ ಒಂದೊಂದೇ ಸೆಂಟ್ ಇಳಿಸಿ 14 ಮತ್ತು 0 ಮಾಡಿದಾಗ ಶೇ. 69 ಜನ ಉಚಿತದ ಕಡೆ ತಿರುಗಿದರು. ಬೆಲೆಗಳ ಅಂತರ ಅಷ್ಟೇ ಇತ್ತು, ಆಯ್ಕೆ ಮಾತ್ರ ತಲೆಕೆಳಗಾಯಿತು. ಸೊನ್ನೆಯ ಎದುರು ಚಿಕ್ಕ ಬೆಲೆಯೂ ದೊಡ್ಡ ಬೆಲೆಯೂ ಹೆಚ್ಚು ಕಡಿಮೆ ಒಂದೇ ಥರ ಸೋಲುತ್ತವೆ. ಸಾಫ್ಟ್‌ವೇರಿನ ಪಕ್ಕದಲ್ಲಿ ಯಾವಾಗಲೂ ಒಂದು ಸೊನ್ನೆ ಇದ್ದೇ ಇರುತ್ತದೆ: ಉಚಿತ ಪರ್ಯಾಯ, ಜಾಹೀರಾತಿನ ಆವೃತ್ತಿ, ಗೆಳೆಯ ಕೊಡುವ ಪೆನ್‌ಡ್ರೈವ್.

ಸೊನ್ನೆಯ ಸೆಳೆತ ಒಂದು ಕಾರಣವಾದರೆ, ಎರಡನೆಯದು ಹಣ ಕೊಡುವ ಕ್ಷಣದ ತೊಡಕು. ಸರಿಯಾದ ದಾರಿಯ ಹೆಜ್ಜೆಗಳನ್ನು ಎಣಿಸಿ ನೋಡಿ. ಖಾತೆ ತೆರೆಯಬೇಕು, ಮಿಂಚಂಚೆ ದೃಢಪಡಿಸಬೇಕು, ಐದಾರು ಯೋಜನೆಗಳ ಪಟ್ಟಿಯಲ್ಲಿ ತನಗೆ ಹೊಂದುವುದು ಯಾವುದೆಂದು ತಿಳಿಯಬೇಕು, ಅಂತರರಾಷ್ಟ್ರೀಯ ಪಾವತಿಗೆ ಒಪ್ಪುವ ಕಾರ್ಡ್ ಇರಬೇಕು, ಕಾರ್ಡಿನ ವಿಳಾಸ ತಾಳೆಯಾಗಬೇಕು, ಒಟಿಪಿ ಸಮಯಕ್ಕೆ ಬರಬೇಕು, ಕೊನೆಗೆ ಕೀಲಿ (ಕೊಂಡದ್ದಕ್ಕೆ ಗುರುತಾಗಿ ಕಳಿಸುವ ಅಂಕಿ-ಅಕ್ಷರಗಳ ಸಾಲು) ಅಂಚೆಪೆಟ್ಟಿಗೆಯ ಸ್ಪ್ಯಾಮ್‌ನಲ್ಲಿ ಬಿದ್ದಿಲ್ಲವೆಂದು ನೋಡಬೇಕು. ಇದರಲ್ಲಿ ಒಂದು ಹೆಜ್ಜೆ ಮುರಿದರೂ ಕೊಡಲು ಸಿದ್ಧರಿದ್ದವರು ಅಲ್ಲಿಂದ ಎದ್ದುಹೋಗುತ್ತಾರೆ. ಕೆಲವರ ಹತ್ತಿರ ಹಣವಿರುತ್ತದೆ, ಆ ಕಂಪನಿ ಒಪ್ಪುವ ಪಾವತಿ ವಿಧಾನ ಇರುವುದಿಲ್ಲ. ಅಂಥವರನ್ನು ಜಿಪುಣರ ಲೆಕ್ಕಕ್ಕೆ ಸೇರಿಸುವುದು ತಪ್ಪು.

ಇದು ಬರೀ ಹಣದ ವಿಷಯವಲ್ಲ ಎಂಬುದಕ್ಕೆ 2015ರ ಎಕ್ಸ್‌ಕೋಡ್‌ಘೋಸ್ಟ್ ಪ್ರಕರಣ ಒಳ್ಳೆಯ ಪುರಾವೆ. ಆ್ಯಪಲ್ ಫೋನಿಗೆ ಆ್ಯಪ್ ಬರೆಯುವ ಎಕ್ಸ್‌ಕೋಡ್ ಉಪಕರಣ ಉಚಿತ. ಆದರೂ ಚೀನಾದ ಅನೇಕ ಡೆವಲಪರುಗಳು ಅದನ್ನು ಬೇರೆ ಕಡೆಯಿಂದ ಇಳಿಸಿಕೊಂಡರು. ಅಧಿಕೃತ ಸರ್ವರಿನಿಂದ ಗಿಗಾಬೈಟುಗಟ್ಟಲೆ ಫೈಲು ಬರುವುದು ಅಷ್ಟು ನಿಧಾನವಾಗಿತ್ತು. ಆ ಪ್ರತಿಯಲ್ಲಿ ಕೇಡಿನ ಕೋಡ್ ಸೇರಿತ್ತು, ಅದರಿಂದ ತಯಾರಾದ ಆ್ಯಪ್‌ಗಳೊಳಗೆ ಹೊಕ್ಕಿತು, ವೀಚಾಟ್‌ನ ಒಂದು ಆವೃತ್ತಿಗೂ ತಗುಲಿತು. ಸೊನ್ನೆ ಬೆಲೆಯ ವಸ್ತುವಿಗೂ ಜನ ಅಡ್ಡದಾರಿ ಹಿಡಿದದ್ದು ನೇರ ದಾರಿ ನಿಧಾನವಾಗಿತ್ತೆಂದೇ.

ಮೂರನೆಯದು ಅರಿಯದ ವಸ್ತುವಿಗೆ ಮುಂಗಡ ಕೊಡುವ ಅಳುಕು. ಒಂದು ವಿಡಿಯೋ ಎಡಿಟರ್ ತನ್ನ ಕೆಲಸಕ್ಕೆ ಒದಗುತ್ತದೋ ಇಲ್ಲವೋ ಎಂದು ತಿಳಿಯಲು ಅದನ್ನು ಎರಡು ವಾರವಾದರೂ ದುಡಿಸಬೇಕು. ಪ್ರಾಯೋಗಿಕ ಅವಧಿ ಹೆಚ್ಚಾಗಿ 7, 14 ಅಥವಾ 30 ದಿನ. ಇನ್‌ಸ್ಟಾಲ್ ಮಾಡಿದ ದಿನವೇ ಗಡಿಯಾರ ಓಡತೊಡಗುತ್ತದೆ, ನಿಜವಾದ ಕೆಲಸ ಬರುವುದು ಮುಂದಿನ ತಿಂಗಳು. ಕೆಲವು ಪ್ರಾಯೋಗಿಕ ಆವೃತ್ತಿಗಳಲ್ಲಿ ಫೈಲ್ ಉಳಿಸಲಿಕ್ಕೇ ಬಿಡುವುದಿಲ್ಲ, ಕೆಲವು ಚಿತ್ರದ ಮೇಲೆ ಮುದ್ರೆ ಒತ್ತುತ್ತವೆ. ಪರೀಕ್ಷಿಸಬೇಕಾದ್ದನ್ನೇ ಪರೀಕ್ಷಿಸಲಾಗದು. ದಿನ ಎಣಿಸುವ ಬದಲು ತೆರೆದು ಬಳಸಿದ ದಿನಗಳನ್ನು ಮಾತ್ರ ಎಣಿಸುವ ಪ್ರೋಗ್ರಾಂಗಳೂ ಇವೆ. ಸಣ್ಣ ವ್ಯತ್ಯಾಸ, ಆದರೆ ಬಳಸುವವರ ಕಡೆಯಿಂದ ಯೋಚಿಸಿದ ಗುರುತು.

ಬೀಗ ಹಾಕಿದಾಗ ಯಾರಿಗೆ ಕಷ್ಟ

ನಕಲು ತಡೆಯುವ ಬೀಗಗಳ ಚರಿತ್ರೆಯನ್ನು ನೋಡಿದರೆ ಹಣ ಕೊಟ್ಟವರೇ ಹೆಚ್ಚು ಒದ್ದಾಡಿದ್ದು ಕಾಣುತ್ತದೆ. 1980ರ ದಶಕದಲ್ಲಿ ಲೋಟಸ್ 1-2-3 ಎಂಬ ಲೆಕ್ಕದ ಹಾಳೆಯ ಪ್ರೋಗ್ರಾಮಿನ ಆರಂಭದ ಆವೃತ್ತಿಗಳನ್ನು ಹಾರ್ಡ್‌ಡಿಸ್ಕಿಗೆ ಹಾಕಿಕೊಂಡರೂ ಮೂಲ ಫ್ಲಾಪಿಯನ್ನು ಡ್ರೈವಿನಲ್ಲಿ ಇಡದೆ ಪ್ರೋಗ್ರಾಂ ಏಳುತ್ತಿರಲಿಲ್ಲ. ಫ್ಲಾಪಿ ಸವೆದರೆ ಅಥವಾ ಆಯಸ್ಕಾಂತದ ಪಕ್ಕ ಬಿದ್ದರೆ ಕಚೇರಿಯ ಲೆಕ್ಕಪತ್ರ ನಿಲ್ಲುತ್ತಿತ್ತು. ಬೀಗ ಒಡೆಯುವ ನಕಲು ಪ್ರೋಗ್ರಾಂಗಳನ್ನು ಸರಿಯಾಗಿ ಹಣ ಕೊಟ್ಟವರೂ ಕೊಂಡಿಟ್ಟುಕೊಂಡದ್ದು ಈ ಭಯದಿಂದಲೇ.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಸಕ್ರಿಯಗೊಳಿಸುವ ಪದ್ಧತಿ, ಅಂದರೆ ಈ ಪ್ರತಿ ಈ ಯಂತ್ರದ್ದೇ ಎಂದು ಮೈಕ್ರೋಸಾಫ್ಟಿಗೆ ದೃಢಪಡಿಸುವ ಪದ್ಧತಿ ಬಂತು. ಪ್ರೋಗ್ರಾಂ ಯಂತ್ರದ ಭಾಗಗಳನ್ನು ಗುರುತು ಹಿಡಿದಿಟ್ಟುಕೊಳ್ಳುತ್ತಿತ್ತು. ಹಲವು ಭಾಗಗಳನ್ನು ಬದಲಿಸಿದರೆ ಮತ್ತೆ ಸಕ್ರಿಯಗೊಳಿಸು ಎಂದು ಕೇಳುತ್ತಿತ್ತು. ಇಂಟರ್ನೆಟ್ ಇಲ್ಲದವರು ಫೋನಿನಲ್ಲಿ ಉದ್ದನೆಯ ಅಂಕಿಸಾಲನ್ನು ಓದಿ ಹೇಳಬೇಕಿತ್ತು. ದೊಡ್ಡ ಸಂಸ್ಥೆಗಳಿಗೆಂದು ಮಾಡಿದ ಆವೃತ್ತಿಗೆ ಈ ಶಾಸ್ತ್ರವೇ ಇರಲಿಲ್ಲ, ಅದರ ಕೀಲಿ ಬೇಗನೆ ಸೋರಿಹೋಯಿತು. ಕದ್ದ ಪ್ರತಿ ಹಾಕಿಕೊಂಡವನಿಗೆ ಯಾವ ಅಡ್ಡಿಯೂ ಇಲ್ಲ, ಡಬ್ಬಿ ಕೊಂಡವನಿಗೆ ವಿಚಾರಣೆ.

ಎಲ್ಲ ಕಂಪನಿಗೂ ಗಟ್ಟಿ ಬೀಗ ಬೇಕಾಗಿಯೂ ಇಲ್ಲ. ಒಂದು ಪ್ರೋಗ್ರಾಂ ಬಳಸುವವರು ಹೆಚ್ಚಿದಷ್ಟೂ ಅದರ ಫೈಲ್ ನಮೂನೆ ಎಲ್ಲೆಡೆ ನಡೆಯುತ್ತದೆ, ಕಲಿತ ನೌಕರರು ಸಿಗುತ್ತಾರೆ, ಪ್ರತಿಸ್ಪರ್ಧಿಗೆ ಜಾಗ ಉಳಿಯುವುದಿಲ್ಲ. ಮನೆಯಲ್ಲಿ ಬಿಟ್ಟಿ ಕಲಿತವನು ನಾಳೆ ಕೆಲಸಕ್ಕೆ ಸೇರಿದಾಗ ಅದನ್ನೇ ಕೇಳುತ್ತಾನೆ, ಆಗ ಸಂಸ್ಥೆ ಹಣ ಕೊಡುತ್ತದೆ. ಅರ್ಥಶಾಸ್ತ್ರಜ್ಞರು 1991ರಷ್ಟು ಹಿಂದೆಯೇ ಇದನ್ನು ಗಣಿತದಲ್ಲಿ ತೋರಿಸಿದ್ದಾರೆ: ಬಳಕೆದಾರರ ಜಾಲವೇ ಮೌಲ್ಯವಾಗಿರುವ ಕಡೆ ನಕಲನ್ನು ಪೂರ್ತಿ ತಡೆಯುವುದು ಮಾರುವವರಿಗೇ ನಷ್ಟವಾಗಬಹುದು. ಫೈಲುಗಳನ್ನು ಕುಗ್ಗಿಸುವ ವಿನ್‌ರಾರ್ ಅನ್ನೇ ನೋಡಿ. 40 ದಿನದ ಪ್ರಾಯೋಗಿಕ ಅವಧಿ ಎನ್ನುತ್ತದೆ, ಮುಗಿದ ಮೇಲೂ ಒಂದು ನೆನಪೋಲೆ ತೋರಿಸಿ ಕೆಲಸ ಮುಂದುವರಿಸುತ್ತದೆ. ಮನೆಯವರು ಕೊಡುವುದಿಲ್ಲ, ಲೆಕ್ಕಪರಿಶೋಧನೆಗೆ ಹೆದರುವ ಸಂಸ್ಥೆಗಳು ಕೊಡುತ್ತವೆ.

ಇಲ್ಲಿ ಅಂಕಿಅಂಶದ ಬಗ್ಗೆ ಒಂದು ಎಚ್ಚರಿಕೆ. ಉದ್ಯಮದ ಸಂಘಟನೆಯಾದ ಬಿಎಸ್‌ಎ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 2017ರಲ್ಲಿ ಜಗತ್ತಿನ ಕಂಪ್ಯೂಟರುಗಳಲ್ಲಿ ಹಾಕಿದ್ದ ಸಾಫ್ಟ್‌ವೇರಿನಲ್ಲಿ ಶೇ. 37ಕ್ಕೆ ಲೈಸೆನ್ಸ್ ಇರಲಿಲ್ಲ. ಪ್ರಮಾಣ ದೊಡ್ಡದೆಂಬುದನ್ನು ಒಪ್ಪೋಣ. ಆದರೆ ಅಂಥ ಪ್ರತಿಗಳ ಮಾರುಕಟ್ಟೆ ಬೆಲೆಯನ್ನು ಕೂಡಿಸಿ ಅಷ್ಟೂ ನಷ್ಟ ಎನ್ನುವ ವಾದ ನಿಲ್ಲದು. ಅಂಗಡಿಯಿಂದ ಕುರ್ಚಿ ಕದ್ದರೆ ಅಲ್ಲಿ ಒಂದು ಕುರ್ಚಿ ಕಡಿಮೆಯಾಗುತ್ತದೆ. ಪ್ರತಿ ತೆಗೆದರೆ ಮೂಲ ಅಲ್ಲೇ ಇರುತ್ತದೆ. ಬಿಟ್ಟಿ ಸಿಗದಿದ್ದರೆ ಆ ಜನರಲ್ಲಿ ಹೆಚ್ಚಿನವರು ಕೊಳ್ಳುತ್ತಿರಲಿಲ್ಲ, ಬೇರೆ ಏನನ್ನೋ ಬಳಸುತ್ತಿದ್ದರು. ನಷ್ಟವಿಲ್ಲ ಎಂದಲ್ಲ. ಆ ನಷ್ಟವನ್ನು ಹೆಚ್ಚಾಗಿ ಅನುಭವಿಸುವವರು ಅಗ್ಗದ, ಚಿಕ್ಕ, ಪ್ರತಿಸ್ಪರ್ಧಿ ಪ್ರೋಗ್ರಾಂ ಬರೆದವರು. ದುಬಾರಿಯದೇ ಪುಕ್ಕಟೆ ಸಿಗುವಾಗ ಸಾಧಾರಣ ಬೆಲೆಯ ಸಾಧಾರಣ ವಸ್ತುವನ್ನು ಯಾರೂ ಕೇಳುವುದಿಲ್ಲ.

ಚಂದಾ ಬಂದ ಮೇಲೆ

ಅಡೋಬಿ 2013ರಲ್ಲಿ ಫೋಟೋಶಾಪ್ ಮುಂತಾದವಿರುವ ತನ್ನ ಕ್ರಿಯೇಟಿವ್ ಸೂಟ್‌ನ ಹೊಸ ಆವೃತ್ತಿಗಳನ್ನು ನಿಲ್ಲಿಸಿ ಚಂದಾ ಮಾತ್ರ ಎಂದಾಗ ಬೆಲೆಚೀಟಿ ಪ್ರತಿಯಿಂದ ಕಳಚಿ ಪಾಲನೆಗೆ ಅಂಟಿತು. ನನ್ನ ವಾದದ ಪ್ರಕಾರ ಜನ ಸಂತೋಷಪಡಬೇಕಿತ್ತು. ಪಡಲಿಲ್ಲ. ಕಾರಣ, ಚಂದಾ ನಿಲ್ಲಿಸಿದರೆ ಹೊಸ ಅಪ್‌ಡೇಟ್ ಮಾತ್ರವಲ್ಲ, ಇದ್ದ ಪ್ರೋಗ್ರಾಂ ಕೂಡ ಹೋಗುತ್ತದೆ. ಹತ್ತು ವರ್ಷದ ಕಡತಗಳು ಡಿಸ್ಕಿನಲ್ಲಿ ಇರುತ್ತವೆ, ತೆರೆಯುವ ಕೈ ಇರುವುದಿಲ್ಲ. ಹೊರಬರುವುದೂ ಸಲೀಸಲ್ಲ. ವಾರ್ಷಿಕ ಒಪ್ಪಂದಕ್ಕೆ ತಿಂಗಳ ಕಂತು ಕಟ್ಟುವ ಯೋಜನೆಯನ್ನು ಮಧ್ಯದಲ್ಲಿ ಬಿಟ್ಟವರಿಂದ ಉಳಿದ ಕಂತುಗಳ ಅರ್ಧವನ್ನು ಕೇಳುವ ಷರತ್ತನ್ನು ಸರಿಯಾಗಿ ತಿಳಿಸಲಿಲ್ಲವೆಂದು ಗ್ರಾಹಕರ ಹಿತ ನೋಡುವ ಫೆಡರಲ್ ಟ್ರೇಡ್ ಕಮಿಷನ್ ಒಪ್ಪಿಸಿದ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ 2024ರ ಜೂನ್‌ನಲ್ಲಿ ಅದೇ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು.

ಪ್ರೋಗ್ರಾಮರುಗಳಿಗೆ ಉಪಕರಣ ಮಾಡುವ ಜೆಟ್‌ಬ್ರೈನ್ಸ್ ಕಂಪನಿ 2015ರಲ್ಲಿ ಚಂದಾ ಘೋಷಿಸಿದಾಗ ಪ್ರೋಗ್ರಾಮರುಗಳು ಗಲಾಟೆ ಎಬ್ಬಿಸಿದರು. ಕಂಪನಿ ಯೋಜನೆಯನ್ನು ತಿದ್ದಿತು: 12 ತಿಂಗಳು ಚಂದಾ ಕಟ್ಟಿದವರು ಆಮೇಲೆ ನಿಲ್ಲಿಸಿದರೂ ಆ ಅವಧಿಯ ಆರಂಭದಲ್ಲಿದ್ದ ಆವೃತ್ತಿ ಅವರ ಬಳಿ ಶಾಶ್ವತವಾಗಿ ಉಳಿಯುತ್ತದೆ. ನನ್ನ ಮಟ್ಟಿಗೆ ಈವರೆಗೆ ಬಂದ ವ್ಯವಸ್ಥೆಗಳಲ್ಲಿ ಇದು ಹೆಚ್ಚು ನ್ಯಾಯವಾದದ್ದು. ಪಾಲನೆಗೆ ಹಣ ಕೊಡುತ್ತೀರಿ, ನಿಲ್ಲಿಸಿದರೆ ಪಾಲನೆ ನಿಲ್ಲುತ್ತದೆ, ಮನೆಯಿಂದ ಹೊರಗೆ ಹಾಕುವುದಿಲ್ಲ.

ಕೊಡದ ಹಣವನ್ನು ಎಲ್ಲಿ ತೆರುತ್ತೇವೆ

ಈಗ ತಾಂತ್ರಿಕ ಭಾಗ. ಕ್ರ್ಯಾಕ್ ಮಾಡಿದ ಪ್ರೋಗ್ರಾಂ ಬಳಸುವಾಗ ಎಡವಟ್ಟಾಗುವುದು ಎಲ್ಲಿ?

ಮೊದಲ ಸೂಚನೆಯಲ್ಲೇ. "ಆ್ಯಂಟಿವೈರಸ್ ಆಫ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿ" ಎಂದು ಬರೆದಿರುತ್ತದೆ. ಬೀಗ ಒಡೆಯುವ ಕೋಡನ್ನು ಆ್ಯಂಟಿವೈರಸ್ ಹೇಗೂ ಹಿಡಿಯುತ್ತದೆ, ಆದ್ದರಿಂದ ಆಫ್ ಮಾಡಿ ಎನ್ನುವುದು ಸಹಜವಾಗಿ ಕಾಣುತ್ತದೆ. ಜೊತೆಗೆ ಇನ್ನೇನಾದರೂ ಸೇರಿಸಿದ್ದರೆ ಅದಕ್ಕೂ ಬಾಗಿಲು ತೆರೆದಂತಾಯಿತು. ಫೈಲ್ ಹೆಚ್ಚಾಗಿ ಪಾಸ್‌ವರ್ಡ್ ಹಾಕಿದ ಜಿಪ್ ಆಗಿರುವುದಕ್ಕೂ ಕಾರಣವಿದೆ: ಬೀಗ ಹಾಕಿದ ಜಿಪ್ಪಿನ ಒಳಗೆ ಏನಿದೆಯೆಂದು ಬ್ರೌಸರಾಗಲಿ ಮೇಲ್ ಸರ್ವರಾಗಲಿ ತಪಾಸಣೆ ಮಾಡಲಾರವು.

ಒಳಬಂದದ್ದು ಎರಡು ಬಗೆಯದ್ದಾಗಿರುತ್ತದೆ. ಒಂದು, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್. ಸ್ಟಾಪ್ ಅಥವಾ ಡಿಜೆವಿಯು (STOP/Djvu) ಎಂಬ ಹೆಸರಿನ ಕುಟುಂಬ ಮುಖ್ಯವಾಗಿ ಹರಡಿದ್ದೇ ಕ್ರ್ಯಾಕ್ ಮತ್ತು ಕೀಲಿ ತಯಾರಿಸುವ ಪ್ರೋಗ್ರಾಂಗಳ ಮೂಲಕ. ಎರಡನೆಯದು ಸದ್ದಿಲ್ಲದೆ ಕದಿಯುವಂಥದ್ದು, ರೆಡ್‌ಲೈನ್‌ನಂಥವು. ಇವು ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳ ಜೊತೆ ಕುಕಿಗಳನ್ನೂ ಒಯ್ಯುತ್ತವೆ. ನೀವು ಈಗಾಗಲೇ ಲಾಗಿನ್ ಆಗಿದ್ದೀರೆಂಬ ಗುರುತು ಕುಕಿಯಲ್ಲಿರುತ್ತದೆ. ಅದು ಕೈಗೆ ಸಿಕ್ಕವರಿಗೆ ಪಾಸ್‌ವರ್ಡ್ ಬೇಕಿಲ್ಲ, ಒಟಿಪಿಯೂ ಬೇಕಿಲ್ಲ. ಹೀಗಾದಾಗ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಬೇರೊಂದು ಶುದ್ಧ ಯಂತ್ರದಿಂದ ಖಾತೆಗೆ ಹೋಗಿ "ಎಲ್ಲ ಸಾಧನಗಳಿಂದ ಲಾಗೌಟ್" ಒತ್ತಬೇಕು, ಆಮೇಲೆ ಪಾಸ್‌ವರ್ಡ್ ಬದಲಿಸಬೇಕು, ಸೋಂಕಿತ ಯಂತ್ರವನ್ನು ಪೂರ್ತಿ ಅಳಿಸಿ ಮತ್ತೆ ಹಾಕಬೇಕು.

ಇನ್ನೊಂದು ಕಂತು ಅಪ್‌ಡೇಟಿನದು. ಕ್ರ್ಯಾಕ್ ಉಳಿಯಬೇಕಾದರೆ ಪ್ರೋಗ್ರಾಂ ತನ್ನ ತಯಾರಕರ ಸರ್ವರ್ ಜೊತೆ ಮಾತಾಡಬಾರದು. ಆದ್ದರಿಂದ ಜಾಲದ ವಿಳಾಸಗಳಿಗಾಗಿ ಯಂತ್ರ ನೋಡುವ ಹೋಸ್ಟ್ಸ್ ಫೈಲಿನಲ್ಲಿ ಆ ವಿಳಾಸಗಳನ್ನು ತಡೆದಿಡುತ್ತಾರೆ, ಅಪ್‌ಡೇಟ್ ಬಂದ್ ಮಾಡುತ್ತಾರೆ. ಭದ್ರತೆಯ ತೇಪೆಗಳೂ, ಅಂದರೆ ದೋಷ ಮುಚ್ಚುವ ತಿದ್ದುಪಡಿಗಳೂ, ಅದರ ಜೊತೆಗೇ ನಿಲ್ಲುತ್ತವೆ. ತೇಪೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ವಿಂಡೋಸ್ ಯಂತ್ರಗಳಲ್ಲಿ ಹಬ್ಬಿದ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸಾಕ್ಷಿ. ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ತೇಪೆ ಬಿಡುಗಡೆ ಮಾಡಿತ್ತು, ದಾಳಿ ಎರಗಿದ್ದು ಮೇ 12ರಂದು. ನಡುವಿನ ಸುಮಾರು ಎರಡು ತಿಂಗಳಲ್ಲಿ ತೇಪೆ ಹಾಕಿಕೊಳ್ಳದ ಯಂತ್ರಗಳಿಗೆ ಅದು ಹಬ್ಬಿತು. ಅವುಗಳಲ್ಲಿ ಲೈಸೆನ್ಸ್ ಇದ್ದವೂ ಬೇಕಾದಷ್ಟಿದ್ದವು. ಅಲ್ಲಿ ಕೊರತೆಯಾದದ್ದು ಪಾಲನೆ.

ಅತಿ ಅಗ್ಗದ ಕೀಲಿಗಳ ಬಗ್ಗೆಯೂ ಕೇಳುತ್ತಾರೆ. ಮೂಲ ಬೆಲೆಯ ಹತ್ತನೇ ಒಂದು ಪಾಲಿಗೆ ಸಿಗುವ ಕೀಲಿ ಸಾಮಾನ್ಯವಾಗಿ ಯಾವುದೋ ಸಂಸ್ಥೆಗೆ ಒಟ್ಟಾಗಿ ಕೊಟ್ಟದ್ದು, ಹಳೆಯ ಯಂತ್ರದಿಂದ ಕಿತ್ತದ್ದು, ಇಲ್ಲವೇ ಕದ್ದ ಕಾರ್ಡಿನಿಂದ ಕೊಂಡದ್ದು. ಸಕ್ರಿಯವಾಗುತ್ತದೆ, ಆದ್ದರಿಂದ ಅಸಲಿ ಅನ್ನಿಸುತ್ತದೆ. ಸಕ್ರಿಯವಾಗುವುದು ಬೇರೆ, ಲೈಸೆನ್ಸ್ ಇರುವುದು ಬೇರೆ. ಸಂಸ್ಥೆಗಳ ಆಂತರಿಕ ಸರ್ವರಿನ ಮೂಲಕ ಆಗುವ ಸಕ್ರಿಯತೆಯ ಆಯುಷ್ಯ 180 ದಿನ. ಆ ಸರ್ವರಿನ ಸಂಪರ್ಕ ಸಿಗದೇ ಇದ್ದರೆ "ಮುಂದಿನ ವರ್ಷವೂ ನಡೆಯುತ್ತೆ" ಎಂಬ ಮಾರಾಟಗಾರನ ಮಾತು ಆರು ತಿಂಗಳಲ್ಲಿ ಸುಳ್ಳಾಗುತ್ತದೆ.

ಉಚಿತದಲ್ಲೂ ಮುಳ್ಳುಗಳಿವೆ, ಮುಖ್ಯವಾಗಿ ಕಚೇರಿಗಳಿಗೆ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಓಡಿಸುವ ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶ (ಮೂಲ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದದ್ದು), ಆದರೆ ಅದರ ಎಕ್ಸ್‌ಟೆನ್ಶನ್ ಪ್ಯಾಕ್ ವೈಯಕ್ತಿಕ ಬಳಕೆಗೆ ಮತ್ತು ಕಲಿಕೆಗಷ್ಟೇ ಉಚಿತ. ಪ್ರೋಗ್ರಾಮರುಗಳು ಬಳಸುವ ಡಾಕರ್ ಡೆಸ್ಕ್‌ಟಾಪ್ 2021ರಿಂದ 250ಕ್ಕಿಂತ ಹೆಚ್ಚು ನೌಕರರು ಅಥವಾ ವರ್ಷಕ್ಕೆ 1 ಕೋಟಿ ಡಾಲರಿಗಿಂತ ಹೆಚ್ಚು ವರಮಾನ ಇರುವ ಸಂಸ್ಥೆಗಳಿಗೆ ಉಚಿತವಲ್ಲ. ಒರ‍್ಯಾಕಲ್ ಕಂಪನಿ 2023ರಲ್ಲಿ ಜಾವಾ ಎಂಬ ತನ್ನ ಪ್ರೋಗ್ರಾಮಿಂಗ್ ವೇದಿಕೆಯ ಚಂದಾದ ಲೆಕ್ಕವನ್ನು ಬಳಸುವವರ ಬದಲು ಸಂಸ್ಥೆಯ ಒಟ್ಟು ನೌಕರರ ಸಂಖ್ಯೆಗೆ ಕಟ್ಟಿತು. ಡೌನ್‌ಲೋಡ್ ಗುಂಡಿ ಯಾರನ್ನೂ ತಡೆಯುವುದಿಲ್ಲ. ಲೈಸೆನ್ಸಿನ ಪತ್ರ ತಡೆಯುತ್ತದೆ, ಅದನ್ನು ಯಾರೂ ಓದಿರುವುದಿಲ್ಲ.

ಮುಕ್ತ ತಂತ್ರಾಂಶದ ಲೆಕ್ಕ

ಹಾಗಾದರೆ ಮುಕ್ತ ತಂತ್ರಾಂಶವೇ ಪರಿಹಾರವಲ್ಲವೇ? ಅರ್ಧ ಹೌದು. ಅದು ಪ್ರತಿಯ ಬೆಲೆಯನ್ನು ಪ್ರಾಮಾಣಿಕವಾಗಿ ಸೊನ್ನೆ ಎಂದು ಹೇಳುತ್ತದೆ. ಪಾಲನೆಯ ಖರ್ಚು ಹಾಗೆಯೇ ಉಳಿಯುತ್ತದೆ, ಅದನ್ನು ಹೊರುವವರು ಯಾರು ಎಂಬುದೂ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬೆಳಕಿಗೆ ಬಂದಾಗ, ಜಗತ್ತಿನ ಅಪಾರ ಸಂಖ್ಯೆಯ ಜಾಲತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸಲು ನೆಚ್ಚಿಕೊಂಡಿದ್ದ, ಆ ದೋಷವಿದ್ದ ಓಪನ್‌ಎಸ್‌ಎಸ್‌ಎಲ್ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್, ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು ಎಂಬುದು ಹೊರಬಿತ್ತು. ಅದನ್ನು ಬಳಸಿ ವ್ಯಾಪಾರ ಮಾಡುತ್ತಿದ್ದ ದೊಡ್ಡ ಕಂಪನಿಗಳೂ ಹಣ ಕೊಡದವರ ಸಾಲಿನಲ್ಲೇ ನಿಂತಿದ್ದವು. ಕ್ರ್ಯಾಕ್ ಬಳಸುವವರನ್ನು ಬೈಯುವಾಗ ಇವರನ್ನು ಬಿಟ್ಟುಬಿಡುತ್ತೇವೆ.

2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಸಂಕುಚನ ಉಪಕರಣದಲ್ಲಿ ಹಿಂಬಾಗಿಲು, ಅಂದರೆ ಹೊರಗಿನವರು ಗುಟ್ಟಾಗಿ ಒಳನುಗ್ಗುವ ದಾರಿ ಪತ್ತೆಯಾಯಿತು. ಅದನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಸುಳ್ಳು ಹೆಸರಿನ ಒಬ್ಬ ನೆರವಿಗೆ ಬಂದು, ಎರಡು ವರ್ಷ ವಿಶ್ವಾಸ ಗಳಿಸಿ, ಬಿಡುಗಡೆಯ ಅಧಿಕಾರವನ್ನೇ ಪಡೆದಿದ್ದ. ಸರ್ವರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಮೈಕ್ರೋಸಾಫ್ಟಿನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಕೆದಕಿದ್ದರಿಂದ ಅದು ಸಿಕ್ಕಿಬಿತ್ತು. ಪಾಲನೆಗೆ ಯಾರೂ ಹಣ ಕೊಡದ ಕಡೆ ಪಾಲಿಸಲು ಬರುವವರು ಯಾರು ಎಂದು ಕೇಳುವ ಸ್ಥಿತಿಯೂ ಇರುವುದಿಲ್ಲ.

ಹಣ ಬಂದ ಉದಾಹರಣೆಯೂ ಇದೆ. 3ಡಿ ಚಿತ್ರಗಳ ಬ್ಲೆಂಡರ್ ಪ್ರೋಗ್ರಾಮಿನ ಹಕ್ಕು ಹೂಡಿಕೆದಾರರ ಕೈಲಿತ್ತು. 2002ರಲ್ಲಿ ಬಳಕೆದಾರರು ಏಳು ವಾರಗಳಲ್ಲಿ 1,00,000 ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. ಕೊಟ್ಟವರಿಗೆ ಹಣ ಯಾತಕ್ಕೆ ಹೋಗುತ್ತದೆಂಬುದು ಸ್ಪಷ್ಟವಾಗಿ ಗೊತ್ತಿತ್ತು. ಇವತ್ತಿಗೂ ಅದರ ಅಭಿವೃದ್ಧಿ ನಿಧಿಗೆ ತಿಂಗಳ ದೇಣಿಗೆ ಬರುತ್ತದೆ.

ಬದಲಾಯಿಸುವವರಿಗೆ

ದುಬಾರಿ ಪ್ರೋಗ್ರಾಂ ಬಿಟ್ಟು ಉಚಿತಕ್ಕೆ ಹೋಗುವ ಕಚೇರಿಗಳು ಎಡವುವುದು ಹೆಚ್ಚಾಗಿ ಪರೀಕ್ಷೆಯ ಹಂತದಲ್ಲಿ. ಸುಲಭದ ಒಂದು ಪತ್ರ ತೆರೆದು ನೋಡಿ "ಸರಿಯಿದೆ" ಎಂದುಬಿಡುತ್ತಾರೆ. ನಿಮ್ಮಲ್ಲಿರುವ ಅತಿ ಕಷ್ಟದ ಐದು ಕಡತಗಳನ್ನು ಆರಿಸಿ: ಉದ್ದದ ಕೋಷ್ಟಕ ಇರುವುದು, ಮ್ಯಾಕ್ರೋ (ಕಡತದೊಳಗೆ ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ಇರುವುದು, ತಿದ್ದುಪಡಿ ಗುರುತುಗಳಿರುವುದು, ವಿಳಾಸಪಟ್ಟಿ ಸೇರಿಸಿ ಪತ್ರ ಮುದ್ರಿಸುವುದು, ಮುದ್ರಣಾಲಯಕ್ಕೆ ಹೋಗುವುದು. ಕಚೇರಿ ಕೆಲಸದ ಉಚಿತ ತಂತ್ರಾಂಶವಾದ ಲಿಬ್ರೆಆಫೀಸಿನಲ್ಲಿ ತೆರೆದು, ತಿದ್ದಿ, ಹಳೆಯ ನಮೂನೆಯಲ್ಲೇ ಉಳಿಸಿ, ಮತ್ತೆ ಹಳೆಯ ಪ್ರೋಗ್ರಾಮಿನಲ್ಲಿ ತೆರೆಯಿರಿ. ಹೋದದ್ದಕ್ಕಿಂತ ಹಿಂದಿರುಗಿ ಬಂದದ್ದು ಮುಖ್ಯ.

ಪುಟ ಒಡೆದು ಸಾಲುಗಳು ಹಿಂದುಮುಂದಾದರೆ ಬಹಳ ಸಲ ತಪ್ಪು ಫಾಂಟಿನದು. ಕ್ಯಾಲಿಬ್ರಿ ಇಲ್ಲದ ಯಂತ್ರದಲ್ಲಿ ಬೇರೆ ಅಗಲದ ಫಾಂಟ್ ಆ ಜಾಗದಲ್ಲಿ ಕೂರುತ್ತದೆ. ಕ್ಯಾಲಿಬ್ರಿಯ ಬದಲು ಕಾರ್ಲಿಟೊ, ಕೇಂಬ್ರಿಯದ ಬದಲು ಕ್ಯಾಲಡಿಯಾ, ಏರಿಯಲ್‌ನ ಬದಲು ಲಿಬರೇಷನ್ ಸ್ಯಾನ್ಸ್ ಹಾಕಿಕೊಳ್ಳಿ. ಇವುಗಳ ಅಕ್ಷರಗಳ ಅಗಲ ಮೂಲದ್ದಕ್ಕೆ ಸರಿಹೊಂದುವಂತೆ ಇಟ್ಟಿದ್ದಾರೆ. ಮ್ಯಾಕ್ರೋ ಮಾತ್ರ ಹೀಗೆ ಸುಲಭಕ್ಕೆ ಬಗ್ಗುವುದಿಲ್ಲ. ಮ್ಯಾಕ್ರೋ ಮೇಲೆ ನಿಂತ ಒಂದೆರಡು ಮೇಜುಗಳಿಗೆ ಹಣ ಕೊಟ್ಟ ಪ್ರೋಗ್ರಾಂ ಉಳಿಸಿ, ಉಳಿದವರನ್ನು ಬದಲಾಯಿಸುವುದು ಒಳ್ಳೆಯದು. ಎಲ್ಲರೂ ಒಟ್ಟಿಗೆ ಬದಲಾಗಬೇಕೆಂಬ ಹಟದಲ್ಲೇ ಇಂಥ ಯೋಜನೆಗಳು ಮುರಿದುಬೀಳುತ್ತವೆ.

ಸಭಿಕರ ಎರಡು ಪ್ರಶ್ನೆಗಳು

"ವಿದ್ಯಾರ್ಥಿ ಏನು ಮಾಡಬೇಕು? ಕಲಿಯಲಿಕ್ಕೇ ಅಷ್ಟು ಹಣ ಎಲ್ಲಿಂದ ತರುವುದು?" ಕ್ರ್ಯಾಕ್ ಹುಡುಕುವ ಮೊದಲು ಶಿಕ್ಷಣದ ಲೈಸೆನ್ಸ್ ಇದೆಯೇ ನೋಡಿ. ಆಟೊಡೆಸ್ಕ್, ಜೆಟ್‌ಬ್ರೈನ್ಸ್ ಮುಂತಾದ ಕಂಪನಿಗಳು ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತವೆ, ವಿದ್ಯಾಸಂಸ್ಥೆಯ ಮಿಂಚಂಚೆ ಅಥವಾ ಗುರುತಿನ ಚೀಟಿ ಕೇಳುತ್ತವೆ. ಷರತ್ತು ಒಂದೇ: ಅದರಿಂದ ಗಿರಾಕಿಯ ಕೆಲಸ ಮಾಡಬಾರದು. ವಿಡಿಯೋ ಕಲಿಯುವವರಿಗೆ ಡವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಬಹುಕಾಲ ಸಾಕು. ಅದರ ತಯಾರಕರು ಕ್ಯಾಮೆರಾ ಮತ್ತು ಸ್ಟುಡಿಯೋ ಉಪಕರಣ ಮಾರುವವರು, ಹಣ ಆ ಕಡೆಯಿಂದಲೂ ಬರುತ್ತದೆ.

"ಚಂದಾ ಕಟ್ಟುತ್ತಿದ್ದೇವೆ, ನಾಳೆ ಬಿಡಬೇಕಾಗಿ ಬಂದರೆ?" ಬಿಡುವ ತಯಾರಿಯನ್ನು ಸೇರಿದ ದಿನವೇ ಮಾಡಿ. ನವೀಕರಣದ ತಾರೀಖಿಗೆ 30 ದಿನ ಮುಂಚೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಗಿದ ಪ್ರತಿ ಕೆಲಸವನ್ನೂ ಪ್ರೋಗ್ರಾಮಿನ ಸ್ವಂತ ನಮೂನೆಯ ಜೊತೆಗೆ ಎಲ್ಲೆಡೆ ತೆರೆಯುವ ನಮೂನೆಯಲ್ಲೂ ಉಳಿಸಿ: ಪತ್ರಕ್ಕೆ ಪಿಡಿಎಫ್ ಮತ್ತು ಒಡಿಟಿ, ಚಿತ್ರಕ್ಕೆ ಟಿಫ್ ಅಥವಾ ಪಿಎನ್‌ಜಿ, ರೇಖಾಚಿತ್ರಕ್ಕೆ ಎಸ್‌ವಿಜಿ, ಕೋಷ್ಟಕಕ್ಕೆ ಸಿಎಸ್‌ವಿ. ಸಿಎಸ್‌ವಿಯಲ್ಲಿ ಸೂತ್ರಗಳು ಉಳಿಯುವುದಿಲ್ಲ, ಮೌಲ್ಯಗಳು ಮಾತ್ರ ಉಳಿಯುತ್ತವೆ. ಆದ್ದರಿಂದ ಸೂತ್ರಗಳಿರುವ ಹಾಳೆಯನ್ನು ಒಡಿಎಸ್‌ನಲ್ಲೂ ಇಡಿ. ದತ್ತಾಂಶವನ್ನು ಹೊರತೆಗೆಯುವ ಗುಂಡಿಯೇ ಇಲ್ಲದ ಸೇವೆಯಾದರೆ ಅದು ಎಷ್ಟೇ ಅಗ್ಗವಿರಲಿ, ಪ್ರಾಯೋಗಿಕ ಅವಧಿಯಲ್ಲೇ ಬಿಟ್ಟುಬಿಡಿ.